ಗೋದಾವರಿ ದಂಡೆಯಲ್ಲಿ ಪೆನ್ನು ಕಡೆಯುವ ಊರು

ಕೊವ್ವೂರು ದಾಟುತ್ತಿದ್ದಂತೆ ರೈಲಿನೊಳಗಿನ ಮಾತು ತಾನಾಗಿಯೇ ತಗ್ಗುತ್ತದೆ. ಅಷ್ಟು ಹೊತ್ತೂ ಇಸ್ಪೀಟಿನಲ್ಲಿ ಮುಳುಗಿದ್ದವರು ಎಲೆ ಮಗುಚಿಟ್ಟು ಕಿಟಕಿಯತ್ತ ತಿರುಗುತ್ತಾರೆ. ಅಜ್ಜಿಯರು ಸೆರಗಿನ ಗಂಟು ಬಿಚ್ಚಿ ನಾಣ್ಯ ಹುಡುಕುತ್ತಾರೆ. ಚಕ್ರಗಳ ಸದ್ದು ಬದಲಾಗಿ ಟೊಳ್ಳಾಗುತ್ತದೆ. ಕೆಳಗೆ ಗೋದಾವರಿ. ಆಚೆ ದಡ ಎಲ್ಲಿದೆ ಎಂದು ಮಕ್ಕಳು ಕೇಳುವಷ್ಟು ಅಗಲವಾದ, ಅವಸರವಿಲ್ಲದ ನೀರು.

ಪಕ್ಕದಲ್ಲಿ ಇನ್ನೊಂದು ಸೇತುವೆ ಕಾಣುತ್ತದೆ. ಅದರ ಮೇಲೆ ರೈಲಿಲ್ಲ. 1900ರಲ್ಲಿ ಸಂಚಾರಕ್ಕೆ ತೆರೆದ ಹ್ಯಾವ್‌ಲಾಕ್ ಸೇತುವೆ ಅದು. ಸುಮಾರು ಒಂದು ಶತಮಾನ ದುಡಿದು 1997ರಲ್ಲಿ ನಿವೃತ್ತವಾಯಿತು. ಕಮಾನುಗಳ ಹೊಸ ಸೇತುವೆ ಬಂದ ಮೇಲೂ ಊರವರಿಗೆ ಹಳೆಯದರ ಮೇಲಿನ ಮಮತೆ ಹೋಗಿಲ್ಲ. ಕೆಲಸ ಮುಗಿಯಿತೆಂದು ಹಳೆಯದನ್ನು ಎಸೆದುಬಿಡಬೇಕೆ, ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. ದಡ ಮುಟ್ಟಿ ಪೇಟೆಯ ಒಳಗೆ ನಡೆದುಹೋದರೆ, ಅದೇ ಪ್ರಶ್ನೆಯನ್ನು ಅಂಗೈಯಷ್ಟು ಉದ್ದದ ಒಂದು ವಸ್ತುವೂ ಕೇಳುತ್ತದೆ.

ಊರು ರಾಜಮಂಡ್ರಿ. 2015ರಿಂದ ಸರ್ಕಾರದ ಕಾಗದಪತ್ರಗಳಲ್ಲಿ ಅದರ ಹೆಸರು ರಾಜಮಹೇಂದ್ರವರಂ. ಆ ವಸ್ತು, ಪೆನ್ನು.

ಕವಿ, ಕಾಗದ, ಲೇಖನಿ

ಬರವಣಿಗೆಗೂ ಈ ಊರಿಗೂ ಇರುವ ನಂಟು ಬಹಳ ಹಳೆಯದು. 11ನೆಯ ಶತಮಾನದಲ್ಲಿ ಪೂರ್ವ ಚಾಲುಕ್ಯರ ರಾಜರಾಜ ನರೇಂದ್ರ ಇಲ್ಲಿಂದ ಆಳುತ್ತಿದ್ದಾಗ, ಅವನ ಆಸ್ಥಾನದಲ್ಲಿದ್ದ ನನ್ನಯ ಮಹಾಭಾರತವನ್ನು ತೆಲುಗಿಗೆ ತರುವ ಕೆಲಸ ಕೈಗೆತ್ತಿಕೊಂಡ. ತೆಲುಗರು ಅವನನ್ನು ಆದಿಕವಿ ಎನ್ನುತ್ತಾರೆ. 19ನೆಯ ಶತಮಾನದ ಸಮಾಜ ಸುಧಾರಕ, ಲೇಖಕ ಕಂದುಕೂರಿ ವೀರೇಶಲಿಂಗಂ ಅವರೂ ಈ ಊರಿನವರೇ. ಗೋದಾವರಿಯ ನೀರನ್ನು ನಂಬಿದ ಹಳೆಯದೊಂದು ಕಾಗದದ ಕಾರ್ಖಾನೆಯೂ ಇಲ್ಲಿದೆ. ಕವಿ ಇದ್ದಾನೆ, ಕಾಗದ ಇದೆ. ಉಳಿದದ್ದು ಲೇಖನಿ. ಆ ಕೊರತೆಯನ್ನು 20ನೆಯ ಶತಮಾನ ತುಂಬಿತು.

ಕನ್ನಡಿಗನಿಗೆ ಈ ನೆಲ ತೀರ ಪರಊರೂ ಅಲ್ಲ. ಪೂರ್ವ ಚಾಲುಕ್ಯರ ವಂಶದ ಮೂಲಪುರುಷ ಕುಬ್ಜ ವಿಷ್ಣುವರ್ಧನ, ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ. ಅಣ್ಣ ಗೆದ್ದ ವೆಂಗಿ ನಾಡನ್ನು 7ನೆಯ ಶತಮಾನದಲ್ಲಿ ತಮ್ಮ ಆಳಲು ಬಂದ. ಇತ್ತ ನಮ್ಮ ಆದಿಕವಿ ಪಂಪನ ಹಿರಿಯರು ಆ ವೆಂಗಿ ನಾಡಿನವರು. ಎರಡು ಭಾಷೆಗಳ ಆದಿಕವಿಗಳ ಹಿಂದೆಯೂ ಒಂದೇ ಸೀಮೆಯ ಮಣ್ಣಿದೆ ಎಂಬುದನ್ನು ಪಠ್ಯಪುಸ್ತಕದಲ್ಲಿ ಓದುವುದು ಬೇರೆ, ಗೋದಾವರಿಯ ಮೆಟ್ಟಿಲ ಮೇಲೆ ಕೂತು ನೆನೆಯುವುದು ಬೇರೆ. ಬೆಂಗಳೂರಿನಿಂದ ಕಾಕಿನಾಡಕ್ಕೆ ಹೋಗುವ ಶೇಷಾದ್ರಿ ಎಕ್ಸ್‌ಪ್ರೆಸ್ ಈ ಊರಿನ ಮೂಲಕವೇ ಹಾದುಹೋಗುತ್ತದೆ. ಒಂದು ರಾತ್ರಿ ಕಳೆದು ಕಣ್ಣುಬಿಟ್ಟರೆ ಹೊರಗೆಲ್ಲ ಗದ್ದೆ, ತೆಂಗು, ಕಾಲುವೆ.

ಸ್ನಾನಘಟ್ಟಗಳು, ಧವಳೇಶ್ವರದಲ್ಲಿ ಆರ್ಥರ್ ಕಾಟನ್ 1852ರ ವೇಳೆಗೆ ಮುಗಿಸಿದ ಅಣೆಕಟ್ಟಿನ ಜಾಗ, ಕಡಿಯಂನ ಹೂಗಿಡಗಳ ತೋಟಗಳು ಪ್ರವಾಸಿಗರ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಹೆಸರು ಕೋಟಗುಮ್ಮಂ. ಕೋಟೆಯ ಬಾಗಿಲು ಎಂದು ಅರ್ಥ. ಕೋಟೆಯೇನೂ ಉಳಿದಿಲ್ಲ. ಹೆಸರು ಮಾತ್ರ ಬೀದಿಗೆ ಅಂಟಿಕೊಂಡಿದೆ. ಸದ್ದುಗದ್ದಲದ ಆ ಪೇಟೆಯಲ್ಲಿ ‘ರತ್ನಂ’ ಪೆನ್ನಿನ ಅಂಗಡಿ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸಲು ಯಾರಾದರೂ ಸಿಗುತ್ತಾರೆ.

ಗಾಂಧೀಜಿ ಕೇಳಿದ ಪ್ರಶ್ನೆ

ಈ ಪೆನ್ನಿನ ಹುಟ್ಟಿನ ಕಥೆಯನ್ನು ಊರಿನಲ್ಲಿ ಹೀಗೆ ಹೇಳುತ್ತಾರೆ. ಕೆ.ವಿ. ರತ್ನಂ ಎಂಬ ಕುಶಲಕರ್ಮಿ 1921ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡರು. ಸಾಮಾನ್ಯ ಜನರಿಗೆ ನಿತ್ಯವೂ ಉಪಯೋಗಕ್ಕೆ ಬರುವ ವಸ್ತುವನ್ನು ಮಾಡಿಕೊಡು ಎಂದರಂತೆ ಗಾಂಧೀಜಿ. ವಿದೇಶಿ ಬಟ್ಟೆ ಬೀದಿಯಲ್ಲಿ ಉರಿಯುತ್ತಿದ್ದ ಕಾಲ. ಖಾದಿ ಉಟ್ಟವರ ಜೇಬಿನಲ್ಲಿಯೂ ಸಿಕ್ಕಿಸಿಕೊಂಡಿರುತ್ತಿದ್ದುದು ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಬಂದ ಪೆನ್ನು. ಸ್ವದೇಶಿಯ ಬಗ್ಗೆ ಭಾಷಣ ಬರೆಯುವುದಕ್ಕೂ ಪರದೇಶದ ಪೆನ್ನೇ ಬೇಕಾಗಿತ್ತು.

ರತ್ನಂ ಹತ್ತು ವರ್ಷಕ್ಕೂ ಮಿಕ್ಕಿ ಹೆಣಗಿ, 1930ರ ದಶಕದ ಆರಂಭದಲ್ಲಿ ಪೆನ್ನು ಮಾಡಿದರು. ಅದನ್ನು ಗಾಂಧೀಜಿಗೆ ಕಳಿಸಿದಾಗ ಅವರು ಒಡನೆಯೇ ಒಪ್ಪಲಿಲ್ಲವೆಂದೂ, ಇದರ ಎಲ್ಲ ಭಾಗಗಳೂ ಇಲ್ಲಿಯೇ ಆದವೇ ಎಂದು ಕೇಳಿದರೆಂದೂ ಪ್ರತೀತಿ. ಹೊರಗಿನಿಂದ ತರಿಸಿದ ಭಾಗವಿದ್ದರೆ ಅದು ಅರ್ಧ ಸ್ವದೇಶಿ ಮಾತ್ರ. ರತ್ನಂ ಮತ್ತೆ ಲೇತಿನ ಮುಂದೆ ಕೂತರು. ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಜೆ.ಸಿ. ಕುಮಾರಪ್ಪನವರ ಮೂಲಕ ಪೆನ್ನು ಮತ್ತೆ ಗಾಂಧೀಜಿಯ ಕೈ ಸೇರಿತು. 1935ರ ಜುಲೈಯಲ್ಲಿ ಅವರಿಂದ ರತ್ನಂ ಅವರಿಗೆ ಪತ್ರ ಬಂತು. ಪೆನ್ನನ್ನು ಬಳಸಿ ನೋಡಿದ್ದೇನೆ, ಪೇಟೆಯಲ್ಲಿ ಸಿಗುವ ಪರದೇಶದ ಪೆನ್ನುಗಳಿಗೆ ಇದು ಬದಲಿಯಾಗಬಲ್ಲದು ಎಂಬುದು ಅದರ ಸಾರಾಂಶ. ಹೊಗಳಿಕೆಯ ಒಂದು ಮಾತೂ ಹೆಚ್ಚಿಲ್ಲದ ಆ ಪುಟ್ಟ ಪತ್ರ ಒಂದು ಕುಟುಂಬದ ಹಲವು ತಲೆಮಾರುಗಳಿಗೆ ಕಸುಬಾಯಿತು. ‘ಗೈಡರ್’ ಎಂಬ ಹೆಸರಿನ ಪೆನ್ನುಗಳೂ ಮುಂದೆ ಇದೇ ಊರಿನಿಂದ ಹೊರಟವು.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹೊರಗಿನದು ಹೆಚ್ಚು, ಮನೆಯದು ಕಡಿಮೆ ಎಂಬ ಅಳುಕು ಆಗಲೂ ಇತ್ತು, ಈಗಲೂ ಇದೆ. ಹಿತ್ತಲ ಗಿಡವೂ ಮದ್ದಾಗುತ್ತದೆಂದು ತೋರಿಸಲು ಭಾಷಣ ಸಾಲದು, ಪೆನ್ನು ಬರೆಯಬೇಕು. ಸೋರದೆ, ನಿಲ್ಲದೆ ಬರೆಯಬೇಕು. ಅದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಲು ಪೆನ್ನು ಆಗುವ ಬಗೆಯನ್ನು ನೋಡಬೇಕು.

ಕಡ್ಡಿಯೊಳಗಿನ ಪೆನ್ನು

ಕೈಯಿಂದ ಮಾಡುವ ಫೌಂಟನ್ ಪೆನ್ನಿಗೆ ಮೂಲದ್ರವ್ಯ ಒಂದು ಗುಂಡನೆಯ ಕಡ್ಡಿ. ನೋಡಲು ಕರಿಯ ಮರದ ತುಂಡಿನಂತೆ ಇರುತ್ತದೆ, ಆದರೆ ಮರವಲ್ಲ. ಅದರ ಹೆಸರು ಎಬೊನೈಟ್, ಅಂದರೆ ಗಟ್ಟಿ ರಬ್ಬರು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗುತ್ತದೆ ಎಂಬುದನ್ನು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ವಾಹನದ ಟೈರಿನ ರಬ್ಬರಿಗೆ ಗಂಧಕ ಬೇಕಾಗುವುದು ಸ್ವಲ್ಪವೇ. ನೂರಕ್ಕೆ ಮೂವತ್ತು ಪಾಲಿನವರೆಗೆ ಅಥವಾ ಅದಕ್ಕೂ ಹೆಚ್ಚು ಗಂಧಕ ಸೇರಿಸಿ ಬಹಳ ಹೊತ್ತು ಬೇಯಿಸಿದರೆ ಮಾತ್ರ ಬಗ್ಗದ, ಹೊಳಪು ಪಡೆಯುವ ಎಬೊನೈಟ್ ಆಗುತ್ತದೆ. ಕರಿಮರಕ್ಕೆ ಇಂಗ್ಲಿಷಿನಲ್ಲಿ ಇರುವ ಎಬೊನಿ ಎಂಬ ಹೆಸರೇ ಇದಕ್ಕೆ ಬಂದಿದೆ. ಒಂದು ಕಾಲದಲ್ಲಿ ಬಾಚಣಿಗೆ, ಬ್ಯಾಟರಿಯ ಪೆಟ್ಟಿಗೆ, ಕ್ಲಾರಿನೆಟ್ ವಾದ್ಯದ ಬಾಯಿ ಎಲ್ಲವೂ ಇದರಲ್ಲೇ ಆಗುತ್ತಿದ್ದವು.

ಕಡ್ಡಿಯನ್ನು ಅಳತೆಗೆ ತುಂಡು ಮಾಡಿ ಲೇತಿಗೆ ಸಿಕ್ಕಿಸುತ್ತಾರೆ. ಲೇತು ತಿರುಗತೊಡಗಿದರೆ ತುಂಡಿನ ನಟ್ಟನಡುವೆ ಬೈರಿಗೆ ಇಳಿಯುತ್ತದೆ. ಒಳಗೆ ಕೊಳವೆಯಾದ ಮೇಲೆ ಹೊರಮೈಗೆ ಉಳಿ ತಾಗುತ್ತದೆ. ಆಗ ಎಬೊನೈಟಿನ ಸಿಪ್ಪೆ ಪುಡಿಯಾಗಿ ಬೀಳುವುದಿಲ್ಲ. ಉದ್ದನೆಯ ನಾಡೆಯಂತೆ ಸುರುಳಿ ಸುರುಳಿಯಾಗಿ ಇಳಿಯುತ್ತದೆ. ಜೊತೆಗೆ ಗಂಧಕದ ವಾಸನೆ, ದೀಪಾವಳಿಯ ಮರುದಿನ ಬೆಳಗ್ಗೆ ಅಂಗಳದಲ್ಲಿ ಉಳಿದಿರುತ್ತದಲ್ಲ, ಅಂಥದ್ದು.

ಕಡೆಯುವವನ ಒಂದು ಕಣ್ಣು ಉಳಿಯ ತುದಿಯಲ್ಲಿ, ಇನ್ನೊಂದು ಅಳತೆಯಲ್ಲಿ. ಇಂಕು ನಿಲ್ಲುವ ಒಡಲು, ಬೆರಳು ಹಿಡಿಯುವ ಕುತ್ತಿಗೆ, ಮೇಲಿನ ಕ್ಯಾಪು, ಮೂರನ್ನೂ ಬೇರೆ ಬೇರೆಯಾಗಿ ಕಡೆಯಬೇಕು. ಆಮೇಲೆ ಬರುವುದು ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ. ಒಂದು ಇನ್ನೊಂದರೊಳಗೆ ತಿರುಗಿ ಕೂರಲು ಬೇಕಾದ ತಿರುಪಿನ ಸುತ್ತುಗಳನ್ನು ಕೆತ್ತಬೇಕು. ಸುತ್ತು ಸಡಿಲವಾದರೆ ಇಂಕು ಜೇಬಿಗೆ ಇಳಿಯುತ್ತದೆ, ಬಿಗಿಯಾದರೆ ಕ್ಯಾಪು ಸೀಳುತ್ತದೆ. ಬಿಳಿ ಅಂಗಿಯ ಎಡ ಜೇಬಿನ ಕೆಳಗೆ ನೀಲಿ ಚಕ್ರ ಮೂಡಿಸಿಕೊಂಡು ಶಾಲೆಯಿಂದ ಮನೆಗೆ ಬಂದು ಅಮ್ಮನ ಕೈಲಿ ಬೈಸಿಕೊಂಡ ಹಳೆಯ ತಲೆಮಾರಿನವರಿಗೆ, ಕೂದಲೆಳೆಯಷ್ಟು ಅಂತರದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ನಯಗೊಳಿಸುವುದು. ಮರಗೆಲಸದವರು ಬಳಸುವ ಉಪ್ಪುಕಾಗದವನ್ನು ಒರಟಿನಿಂದ ನಯದವರೆಗೆ ಒಂದಾದ ಮೇಲೊಂದರಂತೆ ಹಚ್ಚುತ್ತಾರೆ. ಆಮೇಲೆ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹೊಳಪು ಬರಿಸುತ್ತಾರೆ. ಬೂದು ಮೈ ಒಮ್ಮೆಲೇ ಕನ್ನಡಿಯ ಹಾಗೆ ಕಪ್ಪಗೆ ಮಿನುಗುವ ಆ ಗಳಿಗೆಯನ್ನು ನೋಡಲೆಂದೇ ಮಕ್ಕಳನ್ನು ಇಂಥ ಜಾಗಕ್ಕೆ ಕರೆದೊಯ್ಯಬೇಕು.

ನಿಬ್ಬಿನ ಕೆಳಗಿನ ನಾಲಿಗೆ

ಇಷ್ಟಾದರೂ ಅದು ಇನ್ನೂ ಪೆನ್ನಲ್ಲ, ಹೊಳೆಯುವ ಕೊಳವೆ ಅಷ್ಟೆ. ಬರೆಯುವ ಗುಟ್ಟು ಇರುವುದು ನಿಬ್ಬಿನ ಅಡಿಯಲ್ಲಿ ನಾಲಿಗೆಯಂತೆ ಅಂಟಿಕೊಂಡಿರುವ ಸಣ್ಣ ಕರಿಯ ತುಂಡಿನಲ್ಲಿ. ಅದರ ಹೆಸರು ಫೀಡ್.

ಇಂಕಿನ ಬಾಟಲಿಯನ್ನು ಬೋರಲು ಹಾಕಿದರೆ ಇಂಕೆಲ್ಲ ಸುರಿಯುತ್ತದೆ. ಬಾಯಿಯನ್ನು ಪೂರ್ತಿ ಬಿಗಿದರೆ ಒಂದು ಹನಿಯೂ ಬರುವುದಿಲ್ಲ. ಪೆನ್ನು ಇವೆರಡರ ನಡುವಣ ಹಾದಿಯಲ್ಲಿ ನಡೆಯಬೇಕು. ಕೇಳಿದಾಗ, ಕೇಳಿದಷ್ಟೇ ಕೊಡಬೇಕು. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಫೀಡ್ ಈ ತೊಡಕನ್ನು ಬಿಡಿಸಿತು. ಫೀಡಿನ ಬೆನ್ನಿನ ಮೇಲೆ ಕೂದಲಿನಷ್ಟು ತೆಳುವಾದ ಗೀರುಗಳಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆದುಕೊಳ್ಳುವ ನಿಯಮದಂತೆಯೇ ಆ ಗೀರುಗಳಲ್ಲಿ ಇಂಕು ಹರಿದು ನಿಬ್ಬಿನ ಸೀಳಿಗೆ ಬರುತ್ತದೆ. ವಿಜ್ಞಾನದ ಪಾಠದಲ್ಲಿ ಬರುವ ಲೋಮನಾಳ ಕ್ರಿಯೆ ಇದೇ. ಹೊರಗೆ ಹೋದ ಇಂಕಿನಷ್ಟೇ ಗಾಳಿ ಒಳಕ್ಕೆ ಬರಬೇಕು, ಇಲ್ಲದಿದ್ದರೆ ಹರಿವು ನಿಲ್ಲುತ್ತದೆ. ಬದಿಯಲ್ಲಿ ಮೀನಿನ ಕಿವಿರಿನಂತೆ ಕೊರೆದ ಸಂದುಗಳು ಹೆಚ್ಚಾದ ಇಂಕನ್ನು ತಡೆದು ಹಿಡಿದುಕೊಳ್ಳುತ್ತವೆ.

ಎಬೊನೈಟಿನ ಮೈಗೆ ಇಂಕು ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ಹರಿವು ಕಡಿಯುವುದಿಲ್ಲ. ಅಷ್ಟೇ ಅಲ್ಲ, ಬಿಸಿ ಮಾಡಿದಾಗ ಅದು ಸ್ವಲ್ಪ ಮೆದುವಾಗುತ್ತದೆ. ಕುಶಲಕರ್ಮಿ ಫೀಡನ್ನು ಕಾಯಿಸಿ, ನಿಬ್ಬಿನ ಬಾಗಿಗೆ ಸರಿಯಾಗಿ ಒತ್ತಿ ಕೂರಿಸುತ್ತಾನೆ. ಗೀರು ಆಳವಾದರೆ ಪೆನ್ನು ಉಗುಳುತ್ತದೆ, ಮೇಲುಮೇಲಾದರೆ ಪೆನ್ನು ತೊದಲುತ್ತದೆ. ಯಾವ ಆಳ ಸರಿ ಎಂಬುದಕ್ಕೆ ಕೋಷ್ಟಕವಿಲ್ಲ. ಅದು ವರ್ಷಗಟ್ಟಲೆ ಪಕ್ಕದಲ್ಲಿ ಕೂತು, ಹಾಳು ಮಾಡಿ, ಮತ್ತೆ ಮಾಡಿ ಕೈಗೆ ಬರಬೇಕಾದ ವಿದ್ಯೆ.

ಇಂಥ ಪೆನ್ನುಗಳಲ್ಲಿ ಹೆಚ್ಚಿನವಕ್ಕೆ ಇಂಕು ತುಂಬುವ ಯಂತ್ರವೇನೂ ಇರುವುದಿಲ್ಲ. ಕುತ್ತಿಗೆ ಬಿಚ್ಚಿ, ಫಿಲ್ಲರಿನಿಂದ ನೇರವಾಗಿ ಒಡಲಿಗೆ ಹನಿಸುವುದು. ಒಮ್ಮೆ ತುಂಬಿದರೆ ಬಹಳ ದಿನ ಬರೆಯಬಹುದು. ಒಂದು ಚಾಳಿ ಮಾತ್ರ ಉಂಟು. ಇಂಕು ಮುಗಿಯುತ್ತ ಬಂದಾಗ ಒಳಗೆ ಗಾಳಿ ಹೆಚ್ಚಾಗಿರುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಒಂದು ದೊಡ್ಡ ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಉತ್ತರಪತ್ರಿಕೆಯ ಮೇಲೆ ಬಿದ್ದ ಕಲೆಗೆ ಪೆನ್ನನ್ನು ಬೈದವರು ಎಷ್ಟೋ ಮಂದಿ. ಅರ್ಧ ಖಾಲಿಯಾಗುವ ಮೊದಲೇ ತುಂಬಿಸಿಕೊಳ್ಳಬೇಕೆಂಬುದು ಅದಕ್ಕಿರುವ ಸುಲಭ ಮದ್ದು.

ಬಣ್ಣ ಬಂದಾಗ

ಎಬೊನೈಟಿಗೆ ಒಂದು ಮಿತಿಯಿದೆ. ಕಪ್ಪು, ಕಂದು, ಕೆಂಪು-ಕಪ್ಪು ಬೆರೆತ ಅಲೆ, ಹಸಿರು-ಕಪ್ಪು ಬೆರೆತ ಅಲೆ, ಇಂಥ ಗಂಭೀರ ಬಣ್ಣಗಳೇ ಅದಕ್ಕೆ ಸರಿ. ಬಿಸಿಲಿಗೂ ನೀರಿಗೂ ಸಿಕ್ಕರೆ ಕರಿಯ ಮೈ ನಿಧಾನವಾಗಿ ಕಂದಾಗುತ್ತದೆ. ಈಚಿನ ವರ್ಷಗಳಲ್ಲಿ ಪೆನ್ನು ಕಡೆಯುವವರ ಮುಂದೆ ಇನ್ನೊಂದು ಬಗೆಯ ಕಡ್ಡಿ ಬಂದು ಕೂತಿದೆ. ಅದು ಅಕ್ರಿಲಿಕ್, ಪಾಲಿಯೆಸ್ಟರ್ ಮೊದಲಾದ ಕೃತಕ ರಾಳಗಳ ಕಡ್ಡಿ. ನವಿಲುಗರಿಯ ನೀಲಿ, ಮುತ್ತಿನ ಹೊಳಪು, ಜೇನುತುಪ್ಪದೊಳಗೆ ಬೆಳಕು ಸಿಕ್ಕಿಕೊಂಡಂಥ ಹಳದಿ, ಏನು ಬೇಕಾದರೂ ಉಂಟು.

ರಾಳವನ್ನು ಎರಕ ಹೊಯ್ಯುವ ಬಗೆ ಸರಳ. ದ್ರವರೂಪದ ರಾಳಕ್ಕೆ ಗಟ್ಟಿಯಾಗಿಸುವ ಇನ್ನೊಂದು ದ್ರವ ಬೆರೆಸುತ್ತಾರೆ. ಬೇಕಾದ ಬಣ್ಣ, ಅಭ್ರಕದ ಹೊಳೆಯುವ ಪುಡಿ ಕಲಸಿ ಅಚ್ಚಿಗೆ ಸುರಿಯುತ್ತಾರೆ. ಗಾಳಿಗುಳ್ಳೆ ಉಳಿದರೆ ಕಡೆಯುವಾಗ ಅಲ್ಲಿ ಗುಂಡಿ ಬೀಳುತ್ತದೆ. ಹಾಗಾಗಿ ಗಟ್ಟಿಯಾಗುವ ತನಕ ಒತ್ತಡದ ಪಾತ್ರೆಯಲ್ಲಿ ಇಡುವುದೂ ಉಂಟು. ಇಂಗ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ ಈ ಬಣ್ಣದ ತುಂಡುಗಳನ್ನು ಕೊಂಡು, ಮನೆಯ ಲೇತಿನಲ್ಲಿ ಪೆನ್ನು ಕಡೆಯುವುದು ದೊಡ್ಡ ಹವ್ಯಾಸವೇ ಆಗಿದೆ. ತುಂಡಿಗೆ ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆ ಅಂಟಿಸಿ, ಹೊರಮೈ ಕಡೆದು, ಅಂಗಡಿಯಲ್ಲಿ ಸಿಗುವ ನಿಬ್ಬು, ಕ್ಲಿಪ್ಪುಗಳನ್ನು ಜೋಡಿಸಿದರೆ ಅವರ ಪೆನ್ನು ಸಿದ್ಧ.

ರಾಳ ಎಬೊನೈಟಿನಷ್ಟು ಸಾಧುವಲ್ಲ. ಉಳಿ ಮೊಂಡಾಗಿದ್ದರೆ, ಅವಸರದಿಂದ ಒತ್ತಿದರೆ, ಅಂಚು ಸಿಡಿದು ಚೂರಾಗುತ್ತದೆ. ಕಾದರೆ ಅಂಟಂಟಾಗುತ್ತದೆ. ಅದರ ಧೂಳು ಎದೆಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆಯೋ ಮಾಸ್ಕೋ ಇರಲೇಬೇಕು. ಸಹನೆಯಿಂದ ಕಡೆದು, ನೀರು ಹಚ್ಚಿ ಉಜ್ಜಿದರೆ ಮಾತ್ರ ಗಾಜಿನಂಥ ಹೊಳಪು ಕೊಡುತ್ತದೆ.

ಇದನ್ನು ಕೇಳುವಾಗ ಕನ್ನಡಿಗನಿಗೆ ಚನ್ನಪಟ್ಟಣ ನೆನಪಾಗದೆ ಇರದು. ಬೆಂಗಳೂರು-ಮೈಸೂರು ದಾರಿಯ ಆ ಊರಿನಲ್ಲಿ ಹಾಲೆ ಮರದ ತುಂಡನ್ನು ಲೇತಿನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ತೀಡಿದರೆ ಗೊಂಬೆಗೆ ಹೊಳಪು. ಅರಗು ಎಂದರೇನು? ಪುಟ್ಟ ಕೀಟಗಳು ಮರದ ಕೊಂಬೆಗಳ ಮೇಲೆ ಸ್ರವಿಸುವ ರಾಳವೇ ಅಲ್ಲವೆ? ಪಂಪ, ನನ್ನಯ ಇಬ್ಬರೂ ಹೇಳಿದ ಭಾರತದ ಕಥೆಯಲ್ಲಿ ಪಾಂಡವರಿಗಾಗಿ ಕಟ್ಟಿಸಿದ ಮನೆಯೂ ಅದರದ್ದೇ. ಬಣ್ಣದ ರಾಳ, ತಿರುಗುವ ಲೇತು, ಒತ್ತುವ ಕೈ, ಈ ಮೂರರ ಸಂಗ ನಮಗೆ ಹೊಸದಲ್ಲ. ಆಗ ಅದು ಮರದ ಮೇಲಿನ ಪದರವಾಗಿತ್ತು, ಈಗ ಅದೇ ಇಡೀ ಒಡಲಾಗಿದೆ.

ಹಳೆಯ ಪ್ರಶ್ನೆ ಮತ್ತೆ

ಬಾಲ್ ಪೆನ್ನು ಬಂದ ಮೇಲೆ ಈ ಕಸುಬಿನ ಗತಿಯೇನಾಯಿತೆಂದು ಹೇಳಬೇಕಾದ್ದಿಲ್ಲ. ಹಂಗೆರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟ್ ಪಡೆದ ಆ ಪೆನ್ನು ಸೋರುವುದಿಲ್ಲ, ತುಂಬುವ ರಗಳೆಯಿಲ್ಲ, ಮುಗಿದರೆ ಎಸೆಯಬಹುದು. ನಮ್ಮ ಶಾಲೆಗಳಲ್ಲಿ ಅಕ್ಷರ ಕೆಡುತ್ತದೆಂದು ಮೇಷ್ಟ್ರುಗಳು ಅದನ್ನು ಬಹುಕಾಲ ಹತ್ತಿರಕ್ಕೆ ಬಿಡಲಿಲ್ಲ. ಬಿಟ್ಟ ಮೇಲೆ ಬಾಗಿಲು ಮತ್ತೆ ಮುಚ್ಚಲಾಗಲಿಲ್ಲ. ಊರೂರಿನ ಪೇಟೆಯಲ್ಲಿ ನಿಬ್ಬು ಬದಲಿಸಿ, ಹೆಸರು ಕೊರೆದು ಕೊಡುತ್ತಿದ್ದ ಪೆನ್ನು ರಿಪೇರಿಯವರು ಒಬ್ಬೊಬ್ಬರಾಗಿ ಕಾಣೆಯಾದರು. ಅವರ ಮಕ್ಕಳು ಬೇರೆ ಕೆಲಸ ಹಿಡಿದರು. ಅವರನ್ನು ತಪ್ಪೆನ್ನುವಂತಿಲ್ಲ.

ಹಾಗೆಂದು ಕಸುಬು ಸಂಪೂರ್ಣ ಸಾಯಲೂ ಇಲ್ಲ. ರಾಜಮಂಡ್ರಿಯಂತೆ ತಮಿಳುನಾಡಿನ ತಿರುವಳ್ಳೂರಿನಲ್ಲಿಯೂ ಕೈಯಿಂದ ಪೆನ್ನು ಕಡೆಯುವವರಿದ್ದಾರೆ. ಅಂತರ್ಜಾಲ ಬಂದ ಮೇಲೆ ಜರ್ಮನಿಯಲ್ಲೋ ಜಪಾನಿನಲ್ಲೋ ಕೂತವರು ಇಂಥ ಊರುಗಳ ಹೆಸರು ಹಿಡಿದು ಪೆನ್ನು ತರಿಸಿಕೊಳ್ಳುತ್ತಾರೆ. ಕೊಳ್ಳುವವನ ಅಂಗೈಯ ಅಳತೆ, ಬೆರಳಿನ ದಪ್ಪ ಕೇಳಿ ಪೆನ್ನು ಕಡೆದುಕೊಡುವುದು ಯಾವ ದೊಡ್ಡ ಕಾರ್ಖಾನೆಗೂ ಸುಲಭವಲ್ಲ. ದರ್ಜಿಯ ಹತ್ತಿರ ಅಂಗಿ ಹೊಲಿಸಿದ ಹಾಗೆ ಇದು.

ಇಲ್ಲಿಯೇ ಗಾಂಧೀಜಿಯ ಪ್ರಶ್ನೆ ಸದ್ದಿಲ್ಲದೆ ಮರಳಿ ಬಂದು ನಿಲ್ಲುವುದು. ಭಾರತದಲ್ಲಿ ಕಡೆದ ಅನೇಕ ಪೆನ್ನುಗಳಿಗೆ ಈಗ ಕೂರಿಸುತ್ತಿರುವುದು ಜರ್ಮನಿಯ ನಿಬ್ಬು. ಅದರ ಜೊತೆಗೆ ಬರುವ ಪ್ಲಾಸ್ಟಿಕ್ ಫೀಡ್ ಕೂಡ ಅಲ್ಲಿಯದೇ. ಕೊಳ್ಳುವವರು ಅದನ್ನೇ ಕೇಳುತ್ತಾರೆ. ಅದು ಕೈಕೊಡುವುದಿಲ್ಲ, ಕಡೆಯುವವನ ಶ್ರಮವನ್ನೂ ಉಳಿಸುತ್ತದೆ. ಒಡಲು ನಮ್ಮದು, ನಾಲಿಗೆ ಬೇರೆಯವರದು.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಲೋಕವೆಲ್ಲ ಹತ್ತಿರವಾಗಿರುವಾಗ ಒಂದು ನಿಬ್ಬಿನಿಂದ ಯಾವ ಮಾನ ಹೋದೀತು? ಆ ಮಾತೂ ಸುಳ್ಳಲ್ಲ. ರತ್ನಂ ಬಳಸಿದ ಲೇತು, ಎಬೊನೈಟು, ಫೀಡಿನ ತತ್ವ ಯಾವುದೂ ಮೊದಲು ಹುಟ್ಟಿದ್ದು ಗೋದಾವರಿ ತೀರದಲ್ಲಿ ಅಲ್ಲ. ಅವರು ಬೇರೆಯವರಿಂದ ಕಲಿತರು, ಕಲಿತದ್ದನ್ನು ತಮ್ಮ ಕೈಗೆ ತಂದುಕೊಂಡರು. ಕಳೆದುಹೋಗುವ ಭಯ ಇರುವುದು ನಿಬ್ಬಿನ ಮೇಲಿನ ಮುದ್ರೆಗಲ್ಲ, ಆ ಕೈವಿದ್ಯೆಗೆ. ಫೀಡಿಗೆ ಗೀರು ಎಷ್ಟು ಆಳ ಕೊರೆಯಬೇಕೆಂದು ಬಲ್ಲವನು ಅದನ್ನು ಯಾರಿಗೂ ಹೇಳಿಕೊಡದೆ ಲೇತು ಬಿಟ್ಟು ಎದ್ದರೆ, ಮುಂದೆ ಬೇಕೆಂದಾಗ ಕೇಳಲು ಯಾರೂ ಇರುವುದಿಲ್ಲ. ಪುಸ್ತಕದಲ್ಲಿ ಬರೆದಿಟ್ಟುಕೊಳ್ಳೋಣವೆಂದರೆ, ಕೈಗೆ ಗೊತ್ತಿರುವುದೆಲ್ಲ ಬರವಣಿಗೆಗೆ ಬರುವುದಿಲ್ಲ. ಸೇತುವೆಯನ್ನು ಬಳಸದೆ ಇಟ್ಟರೂ ಅದು ನದಿಯಲ್ಲಿ ನಿಂತಿರುತ್ತದೆ. ಕೈಕಸುಬು ಹಾಗೆ ನಿಂತಿರುವುದಿಲ್ಲ.

ಕಪ್ಪೆಬೊನೈಟು ಹೋಗಿ ಬಣ್ಣದ ರಾಳ ಬಂದರೆ ದುಃಖಿಸಬೇಕಾದ್ದಿಲ್ಲ. ಬಣ್ಣ ನೋಡಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಲೇತಿನ ಹತ್ತಿರ ಬಂದು ನಿಂತರೆ ಅದೂ ಲಾಭವೇ. ನಿಂತವರಿಗೆ ಉಳಿ ಕೊಟ್ಟು ಕೂರಿಸಿಕೊಳ್ಳುವವರು ಇರಬೇಕು, ಕಲಿತ ಮೇಲೆ ಅದರಿಂದ ಊಟ ಹುಟ್ಟಬೇಕು. ಅದು ಅಂಗಡಿಯವನೊಬ್ಬನ ಕೈಯಲ್ಲಿ ಇಲ್ಲ, ಕೊಳ್ಳುವವರ ಕೈಯಲ್ಲಿಯೂ ಇದೆ.

ರಾಜಮಂಡ್ರಿಯ ಅಂಗಡಿಗೆ ಬರುವ ಗಿರಾಕಿ ಪೆನ್ನು ಕೊಳ್ಳುವ ಮುನ್ನ ಒಂದು ಹಾಳೆಯ ಮೇಲೆ ಬರೆದು ನೋಡುತ್ತಾನೆ. ಬಹಳ ಮಂದಿ ಮೊದಲು ಬರೆಯುವುದು ತಮ್ಮದೇ ಹೆಸರು. ನಿಬ್ಬು ಚಿನ್ನದ್ದಾದರೆ ಬೆಲೆ ಬಹಳ ಮೇಲೇರುತ್ತದೆ, ಸಾಧಾರಣ ಉಕ್ಕಿನ ನಿಬ್ಬಿನ ಪೆನ್ನಿಗೆ ಅಷ್ಟು ಬೇಕಾಗುವುದಿಲ್ಲ. ಬಿಸಾಡುವ ಪೆನ್ನುಗಳಿಗಿಂತ ಅದೂ ದುಬಾರಿಯೇ. ಆದರೆ ಲೆಕ್ಕ ಹಾಕುವಾಗ ವರ್ಷಕ್ಕೆ ಒಂದು ಮಗು ಎಷ್ಟು ಪ್ಲಾಸ್ಟಿಕ್ ಪೆನ್ನು ಎಸೆಯುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಕೈಯಲ್ಲಿ ಕಡೆದ ಪೆನ್ನಿನ ಪ್ರತಿಯೊಂದು ಭಾಗವೂ ಬಿಚ್ಚುತ್ತದೆ. ನಿಬ್ಬು ಸವೆದರೆ ನಿಬ್ಬು ಮಾತ್ರ ಬದಲಿಸಬಹುದು, ಕ್ಯಾಪು ಸೀಳಿದರೆ ಕ್ಯಾಪು ಕಡೆಸಬಹುದು. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆದು, ನೆರಳಲ್ಲಿ ಆರಿಸಿದರೆ ಸಾಕು. ಬಿಸಿನೀರು ಮಾತ್ರ ಕೂಡದು, ಎಬೊನೈಟಿನ ಬಣ್ಣ ಕೆಡುತ್ತದೆ.

ಭಾನುವಾರ ಬೆಳಗ್ಗೆ ಮಗ ಅಥವಾ ಮಗಳು ಪೆನ್ನಿನ ಕುತ್ತಿಗೆ ಬಿಚ್ಚಿ ಲೋಟದ ನೀರಿನಲ್ಲಿ ಅದ್ದಿದಾಗ ನೀಲಿ ಎಳೆಎಳೆಯಾಗಿ ಇಳಿಯುತ್ತದೆ. ಇದರೊಳಗೆ ಏನಿದೆ, ಇದು ಹೇಗೆ ಬರೆಯುತ್ತದೆ ಎಂಬ ಪ್ರಶ್ನೆ ಆಗ ಏಳುತ್ತದೆ. ಬಿಚ್ಚಲು ಬಾರದ ವಸ್ತು ಮಕ್ಕಳಲ್ಲಿ ಇಂಥ ಪ್ರಶ್ನೆ ಎಬ್ಬಿಸುವುದು ಅಪರೂಪ. ಉತ್ತರ ಹೇಳಲು ಬಲ್ಲ ಕೈಗಳು ಗೋದಾವರಿಯ ದಂಡೆಯಲ್ಲಿ ಇನ್ನೂ ಉಳಿದಿವೆ. ಆ ಕೈಗಳ ಮುಂದೆ ಲೇತು ತಿರುಗುತ್ತಿರುವಾಗಲೇ ಒಮ್ಮೆ ಹೋಗಿ ನೋಡಿಬರುವುದು ಒಳ್ಳೆಯದು.